ಒಳಬಂದದ್ದು, ಹೊರಹೋದದ್ದು, ಒಳಗೇ ಉಳಿದದ್ದು: ಕೆಮಿಕಲ್ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕೋರ್ಸುಗಳ ಒಳಲೆಕ್ಕ

ಕೆಮಿಕಲ್ ಎಂಜಿನಿಯರಿಂಗ್ ಅಂದರೆ ಕೆಮಿಸ್ಟ್ರಿಯ ದೊಡ್ಡಣ್ಣ, ಬಿಸಿನೆಸ್ ಮ್ಯಾನೇಜ್‌ಮೆಂಟ್ ಅಂದರೆ ಟಾಕುಟೀಕಾಗಿ ಮಾತಾಡಲು ಕಲಿಸುವ ಕೋರ್ಸು. ಸೇರುವ ಮುಂಚೆ ಬಹಳ ಜನರ ತಲೆಯಲ್ಲಿ ಇರುವುದು ಇಷ್ಟೇ. ಮೊದಲನೆಯದನ್ನು ನಂಬಿ ಬಂದವರಿಗೆ ವರ್ಷ ಕಳೆಯುವಷ್ಟರಲ್ಲಿ ಬಣ್ಣಬಣ್ಣದ ದ್ರಾವಣಗಳ ಬದಲು ಪೈಪು, ಪಂಪು, ಬಾಯ್ಲರು, ಲೆಕ್ಕದ ಹಾಳೆ ಕಾಣುತ್ತವೆ. ಎರಡನೆಯದನ್ನು ನಂಬಿ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಅಕೌಂಟಿಂಗ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಎದುರು ಬಂದು ಕೂರುತ್ತವೆ.

ಎರಡೂ ಕೋರ್ಸುಗಳ ಬುಡದಲ್ಲಿ ಇರುವುದು ಒಂದೇ ಲೆಕ್ಕ:

ಒಳಬಂದದ್ದು − ಹೊರಹೋದದ್ದು + ಒಳಗೆ ಹುಟ್ಟಿದ್ದು − ಒಳಗೆ ಕಳೆದದ್ದು = ಒಳಗೆ ಕೂಡಿಬಿದ್ದದ್ದು

ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಮೆಟೀರಿಯಲ್ ಬ್ಯಾಲೆನ್ಸ್ ಎನ್ನುತ್ತಾರೆ, ಹರಿಯುವುದು ಕಿಲೋಗ್ರಾಂ. ಮ್ಯಾನೇಜ್‌ಮೆಂಟಿನಲ್ಲಿ ಇದೇ ಕ್ಯಾಶ್ ಫ್ಲೋ; ಹರಿಯುವುದು ಹಣ. ಎರಡೂ ಕಡೆ ವಿದ್ಯಾರ್ಥಿಗಳು ಎಡವುವುದು ಸಮೀಕರಣದ ಬಲತುದಿಯ ಪದದಲ್ಲೇ. ಬಂದದ್ದನ್ನೂ ಹೋದದ್ದನ್ನೂ ಎಲ್ಲರೂ ಎಣಿಸುತ್ತಾರೆ. ಒಳಗೆ ಸದ್ದಿಲ್ಲದೆ ಕೂಡಿಬಿದ್ದದ್ದನ್ನು ಮರೆಯುತ್ತಾರೆ.

ಎರಡೂ ವಿಷಯಗಳು ವಿಶ್ವವಿದ್ಯಾಲಯದ ಹೊಸ್ತಿಲು ದಾಟಿದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಸ್ಕೂಲ್ ಹುಟ್ಟಿದ್ದು 1881ರಲ್ಲಿ. ಜಾರ್ಜ್ ಡೇವಿಸ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕುರಿತು 12 ಉಪನ್ಯಾಸ ಕೊಟ್ಟದ್ದು 1887ರಲ್ಲಿ. ಮರುವರ್ಷವೇ ಅಮೆರಿಕದ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಲೂಯಿಸ್ ನಾರ್ಟನ್ ನಾಲ್ಕು ವರ್ಷದ ಕೋರ್ಸು ತೆರೆದರು. ಹಾರ್ವರ್ಡ್ 1908ರಲ್ಲಿ ಎಂಬಿಎ ಆರಂಭಿಸಿತು. ಕಾರ್ಖಾನೆಗಳು ಒಬ್ಬ ಯಜಮಾನನ ಕಣ್ಣಳತೆಗೆ ಸಿಗದಷ್ಟು ದೊಡ್ಡದಾಗಿದ್ದ ಕಾಲವದು. 1915ರಲ್ಲಿ ಆರ್ಥರ್ ಡಿ. ಲಿಟಲ್ ಎಂಬುವರು ಎಂಐಟಿಗೆ ಕೊಟ್ಟ ವರದಿಯಲ್ಲಿ ‘ಯುನಿಟ್ ಆಪರೇಷನ್’ ಎಂಬ ಮಾತು ಬಳಸಿದರು. ಸಕ್ಕರೆಗೊಂದು, ಸಾಬೂನಿಗೊಂದು, ಬಣ್ಣಕ್ಕೊಂದು ಪಾಠ ಬೇಕಿಲ್ಲ. ಕಾಯಿಸುವುದು, ಆವಿಯಾಗಿಸುವುದು, ಸೋಸುವುದು, ಭಟ್ಟಿ ಇಳಿಸುವುದು, ಒಣಗಿಸುವುದು, ಪುಡಿ ಮಾಡುವುದು, ಇಂಥ ಕೆಲವೇ ಕ್ರಿಯೆಗಳು ಎಲ್ಲ ಕಾರ್ಖಾನೆಗಳಲ್ಲೂ ಮರಳಿ ಮರಳಿ ಬರುತ್ತವೆ ಎಂಬುದು ಅದರ ತಿರುಳು. ಇಂದಿಗೂ ಸಿಲಬಸ್ಸಿನ ಬೆನ್ನೆಲುಬು ಅದೇ.

ಮೊದಲು ಒಂದು ಗೆರೆ ಎಳೆಯಿರಿ

ಮೆಟೀರಿಯಲ್ ಬ್ಯಾಲೆನ್ಸಿನ ಮೊದಲ ಪಾಠ ಸೂತ್ರದ್ದಲ್ಲ, ಗೆರೆಯದ್ದು. ಯಾವ ಯಂತ್ರದ ಸುತ್ತ ಲೆಕ್ಕ ಹಾಕುತ್ತೀರೋ ಅದರ ಸುತ್ತ ಚುಕ್ಕಿಗೆರೆ ಎಳೆಯಬೇಕು. ಗೆರೆಯನ್ನು ದಾಟುವ ಪೈಪುಗಳಷ್ಟೇ ಲೆಕ್ಕಕ್ಕೆ.

ಒಂದು ಇವಾಪರೇಟರ್, ಅಂದರೆ ನೀರನ್ನು ಆವಿಯಾಗಿಸಿ ದ್ರಾವಣವನ್ನು ಗಟ್ಟಿ ಮಾಡುವ ಯಂತ್ರ, ತೆಗೆದುಕೊಳ್ಳೋಣ. ಗಂಟೆಗೆ 1,000 ಕೆಜಿ ಸಕ್ಕರೆ ದ್ರಾವಣ ಒಳಬರುತ್ತದೆ, ಅದರಲ್ಲಿ ಸಕ್ಕರೆ 10%. ಹೊರಗೆ ಹೋಗಬೇಕಾದ್ದು 40% ದ್ರಾವಣ. ಎಷ್ಟು ನೀರು ಆವಿಯಾಗಬೇಕು? ‘30% ಕಡಿಮೆಯಾಗಬೇಕು, ಹಾಗಾಗಿ 300 ಕೆಜಿ’ ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಸರಿಯಾದ ದಾರಿಯೆಂದರೆ ಬದಲಾಗದ ವಸ್ತುವಿನ ಬೆನ್ನು ಹಿಡಿಯುವುದು. ಸಕ್ಕರೆ ಆವಿಯಾಗುವುದಿಲ್ಲ, ಬಂದ 100 ಕೆಜಿ ಅಷ್ಟೂ ಹೊರಹೋಗಬೇಕು. ಆ 100 ಕೆಜಿ ಒಟ್ಟು ತೂಕದ 40% ಆಗಬೇಕಾದರೆ ಹೊರಹೋಗುವ ದ್ರಾವಣ 250 ಕೆಜಿ. ಉಳಿದ 750 ಕೆಜಿ ಆವಿ. ಹೀಗೆ ರೂಪ ಬದಲಿಸದೆ ಹಾದುಹೋಗುವ ವಸ್ತುವಿಗೆ ಟೈ ಕಾಂಪೊನೆಂಟ್ ಎನ್ನುತ್ತಾರೆ. ಅರ್ಧದಷ್ಟು ಲೆಕ್ಕಗಳ ಬೀಗದ ಕೈ ಅದೇ.

ಇದೇ ಲೆಕ್ಕವನ್ನು ಸಕ್ಕರೆ ತೆಗೆದು ಅಡುಗೆ ಉಪ್ಪು ಎಂದು ಬದಲಿಸಿದರೂ ಗಣಿತ ಹಾಗೇ ನಿಲ್ಲುತ್ತದೆ, ಉತ್ತರವೂ ಬರುತ್ತದೆ. ಆದರೆ ಅಂಥ ದ್ರಾವಣ ಇರಲು ಸಾಧ್ಯವಿಲ್ಲ. ನೀರು ಸುಮಾರು 26% ಉಪ್ಪಿಗೇ ತೃಪ್ತವಾಗುತ್ತದೆ. ಅದರಾಚೆಗೆ ಉಪ್ಪು ಹರಳುಗಟ್ಟಿ ಬೀಳುತ್ತದೆ, ದ್ರಾವಣವನ್ನು ಕಾಯಿಸುವ ಟ್ಯೂಬಿನ ಗೋಡೆಗೆ ಅಂಟುತ್ತದೆ, ಬಿಸಿ ದಾಟದಂತೆ ತಡೆಯುತ್ತದೆ. ಲೆಕ್ಕ ಕೂಡಿತು ಎಂದ ಮಾತ್ರಕ್ಕೆ ಯಂತ್ರ ಓಡುವುದಿಲ್ಲ. ಥರ್ಮೋಡೈನಮಿಕ್ಸ್ (ಶಾಖ ಮತ್ತು ಶಕ್ತಿಯ ಲೆಕ್ಕ), ಫೇಸ್ ಈಕ್ವಿಲಿಬ್ರಿಯಂ (ಘನ, ದ್ರವ, ಆವಿ ಒಟ್ಟಿಗೆ ಇರುವಾಗಿನ ಸಮತೋಲ) ಎಂಬ ಪೇಪರುಗಳು ಇರುವುದು ಈ ಕಾರಣಕ್ಕೆ.

ಮುಂದೆ ಶಾಖದ ಲೆಕ್ಕ. ಒಂದು ಕೆಜಿ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2,257 ಕಿಲೋಜೂಲ್ ಬೇಕು. 750 ಕೆಜಿಗೆ ಗಂಟೆಗೆ ಸುಮಾರು 16.9 ಲಕ್ಷ. ಒಳಬರುವ ದ್ರಾವಣ 30 ಡಿಗ್ರಿಯಲ್ಲಿದ್ದರೆ ಅದನ್ನು ಕುದಿಯುವ ಮಟ್ಟಕ್ಕೆ ತರಲು ಇನ್ನೊಂದು 2.8 ಲಕ್ಷ. ಒಟ್ಟು ಸುಮಾರು 19.7 ಲಕ್ಷ ಕಿಲೋಜೂಲ್, ಅಂದರೆ 550 ಕಿಲೋವ್ಯಾಟಿನ ಹತ್ತಿರ. ಇದನ್ನು ಕೊಡುವ ಹಬೆ 2 ಬಾರ್ ಒತ್ತಡದಲ್ಲಿದ್ದರೆ ಕೆಜಿಗೆ ಸುಮಾರು 2,200 ಕಿಲೋಜೂಲ್ ಬಿಟ್ಟುಕೊಡುತ್ತದೆ. ಹಾಗಾದರೆ ಗಂಟೆಗೆ 900 ಕೆಜಿ ಹಬೆ. 750 ಕೆಜಿ ನೀರು ಓಡಿಸಲು 900 ಕೆಜಿ ಹಬೆ!

ಈ ದುಂದನ್ನು ತಪ್ಪಿಸಲು ಒಂದರ ಹಿಂದೆ ಒಂದು ಮೂರು ಇವಾಪರೇಟರ್ ಜೋಡಿಸುತ್ತಾರೆ. ಮೊದಲನೆಯದರಿಂದ ಎದ್ದ ಆವಿಯೇ ಎರಡನೆಯದನ್ನು ಕಾಯಿಸುತ್ತದೆ, ಅದರ ಆವಿ ಮೂರನೆಯದನ್ನು. ಒಂದೊಂದರಲ್ಲೂ ಒತ್ತಡ ಹಿಂದಿನದಕ್ಕಿಂತ ಕಡಿಮೆ ಇಟ್ಟರೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಇಲ್ಲದಿದ್ದರೆ 100 ಡಿಗ್ರಿಯ ಆವಿ 100 ಡಿಗ್ರಿಯಲ್ಲಿ ಕುದಿಯುವ ದ್ರಾವಣವನ್ನು ಕಾಯಿಸಲಾರದು. ಹೀಗೆ ಮಾಡಿದಾಗ ಹಬೆ ಗಂಟೆಗೆ ಸುಮಾರು 360 ಕೆಜಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಮೂರರಲ್ಲೊಂದು ಭಾಗಕ್ಕೆ ಯಾಕೆ ಇಳಿಯಲಿಲ್ಲ ಎಂದರೆ ತಣ್ಣನೆಯ ದ್ರಾವಣವನ್ನು ಕಾಯಿಸುವ ಖರ್ಚು ಹಂಚಿಹೋಗುವುದಿಲ್ಲ. ಉಳಿತಾಯ 540 ಕೆಜಿ. ಈಗ ಯಂತ್ರ ಒಂದಲ್ಲ, ಮೂರು. ಈ ಉಳಿತಾಯಕ್ಕೆ ಅಷ್ಟು ಹಣ ಹಾಕುವುದು ಲಾಭವೇ? ಇಲ್ಲಿಂದಾಚೆಗಿನದು ಮ್ಯಾನೇಜ್‌ಮೆಂಟಿನ ಲೆಕ್ಕ. ಸ್ವಲ್ಪ ಹೊತ್ತು ಬಿಟ್ಟು ಅದಕ್ಕೆ ಬರೋಣ.

ಮೊದಲ ವರ್ಷದ ತಪ್ಪುಗಳಲ್ಲಿ ಬಹಳಷ್ಟು ಯೂನಿಟ್ಟಿನವು. ಒತ್ತಡ ತೋರಿಸುವ ಗೇಜು 2 ಬಾರ್ ಎಂದರೆ ಅದು ಗಾಳಿಯ ಒತ್ತಡದ ಮೇಲಿನ 2. ನಿಜವಾದ ಒತ್ತಡ ಸುಮಾರು 3. ಅನಿಲದ ಲೆಕ್ಕಕ್ಕೆ 2 ಹಾಕಿದರೆ ಉತ್ತರ ಮೂರನೇ ಒಂದು ಪಾಲು ಕುಸಿಯುತ್ತದೆ. ಉಷ್ಣತೆಯನ್ನು ಕೆಲ್ವಿನ್‌ಗೆ ಬದಲಿಸದೆ ಸೆಲ್ಸಿಯಸ್‌ನಲ್ಲೇ ಹಾಕುವುದು, ಕೆಜಿ ಮತ್ತು ಮೋಲನ್ನು (ಕಣಗಳ ಎಣಿಕೆಯ ಅಳತೆ) ಕೂಡಿಸಿಬಿಡುವುದು ಇದರ ಸೋದರರು. ಇಂಥ ಪೇಪರಿಗೆ ಸೂತ್ರ ಉರುಹೊಡೆದು ಪ್ರಯೋಜನವಿಲ್ಲ. ಪ್ರತಿ ಸಾಲಿನಲ್ಲೂ ಸಂಖ್ಯೆಯ ಪಕ್ಕ ಯೂನಿಟ್ ಬರೆಯುವ ರೂಢಿಯೇ ಕಾಯುತ್ತದೆ.

ಹಿಂದಿರುಗುವ ಪೈಪು

ಎರಡನೇ ಹಂತದ ತಲೆನೋವು ರಿಸೈಕಲ್. ಅಮೋನಿಯಾ ತಯಾರಿಕೆಯಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್ ರಿಯಾಕ್ಟರನ್ನು (ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆ) ಒಮ್ಮೆ ಹಾದುಹೋದಾಗ ಸ್ವಲ್ಪ ಭಾಗ ಮಾತ್ರ ಅಮೋನಿಯಾ ಆಗುತ್ತದೆ. ಉಳಿದದ್ದನ್ನು ಬಿಸಾಡಲಾಗದು, ತಿರುಗಿ ಒಳಕ್ಕೆ ಕಳಿಸುತ್ತಾರೆ. ಆದರೆ ಬರುವ ಅನಿಲದಲ್ಲಿ ಆರ್ಗಾನ್, ಮೀಥೇನಿನಂಥ ಈ ಕ್ರಿಯೆಯಲ್ಲಿ ಸೇರದ ಅನಿಲ 1% ಇದೆ ಎನ್ನಿ. ಅಮೋನಿಯಾ ದ್ರವವಾಗಿ ಹೊರಬೀಳುತ್ತದೆ; ಇವಕ್ಕೆ ಹೊರಗೆ ದಾರಿಯೇ ಇಲ್ಲ. ಸುತ್ತಿ ಸುತ್ತಿ ಒಳಗೇ ಕೂಡುತ್ತವೆ. ಕೆಲವೇ ದಿನಗಳಲ್ಲಿ ರಿಯಾಕ್ಟರಿನ ತುಂಬ ಅವೇ ತುಂಬಿಕೊಂಡು ಉತ್ಪಾದನೆ ಕುಸಿಯುತ್ತದೆ.

ಪರಿಹಾರ: ತಿರುಗುವ ಅನಿಲದಲ್ಲಿ ಒಂದಿಷ್ಟನ್ನು ಬೇಕೆಂದೇ ಹೊರಬಿಡುವುದು. ಇದಕ್ಕೆ ಪರ್ಜ್ ಎನ್ನುತ್ತಾರೆ. ಎಷ್ಟು ಬಿಡಬೇಕು? ಗೆರೆಯನ್ನು ಇಡೀ ಘಟಕದ ಸುತ್ತ ಎಳೆಯಿರಿ. ಒಳಬರುವ 100 ಭಾಗದಲ್ಲಿ ಬೇಡದ್ದು 1 ಭಾಗ. ಒಳಗೆ ಅದರ ಪ್ರಮಾಣ 10% ಮೀರಬಾರದು ಎಂದರೆ, 10% ಇರುವ ಅನಿಲವನ್ನು 10 ಭಾಗ ಹೊರಬಿಟ್ಟಾಗ ಮಾತ್ರ ಆ 1 ಭಾಗ ಹೊರಹೋಗುತ್ತದೆ. ಅಂದರೆ ದುಡ್ಡು ಕೊಟ್ಟು ತಂದ ಒಳ್ಳೆಯ ಅನಿಲದ 9 ಭಾಗವೂ ಜತೆಗೇ ಹೋಗುತ್ತದೆ. ಅದು ನಷ್ಟ ಎಂದು ಪರ್ಜನ್ನು ಅರ್ಧಕ್ಕೆ ಇಳಿಸಿದರೆ ಒಳಗಿನ ಕಸ 20%ಕ್ಕೆ ಏರಿ ನಿಲ್ಲುತ್ತದೆ. ಎಷ್ಟು ಕಳೆದುಕೊಂಡರೆ ಎಷ್ಟು ಉಳಿಯುತ್ತದೆ ಎಂಬ ಈ ತೂಗಾಟವೇ ಡಿಸೈನ್. ಇಲ್ಲಿ ಒಂದೇ ಸರಿ ಉತ್ತರ ಇಲ್ಲ ಎಂಬುದನ್ನು ಒಪ್ಪಿಕೊಳ್ಳಲು, ಅಲ್ಲಿಯವರೆಗೆ ನೂರಕ್ಕೆ ನೂರು ತೆಗೆದ ವಿದ್ಯಾರ್ಥಿಗಳಿಗೆ ಬಹಳ ಕಷ್ಟವಾಗುತ್ತದೆ.

ಲೆಕ್ಕಕ್ಕುಂಟು, ಆಟಕ್ಕಿಲ್ಲ

ಈಗ ಅದೇ ಸಮೀಕರಣವನ್ನು ಮ್ಯಾನೇಜ್‌ಮೆಂಟ್ ತರಗತಿಗೆ ಒಯ್ಯೋಣ. ಒಂದು ವ್ಯಾಪಾರ. ಮೊದಲ ತಿಂಗಳ ಮಾರಾಟ 100; ಪ್ರತಿ ತಿಂಗಳೂ 20% ಏರುತ್ತದೆ. ಮಾರಾಟದ 80% ಖರ್ಚು, ಅದನ್ನು ಆಯಾ ತಿಂಗಳೇ ಕೈಯಿಂದ ಕೊಡಬೇಕು. ಗಿರಾಕಿಗಳದ್ದು ಮಾತ್ರ ಉದ್ರಿ. ಎರಡು ತಿಂಗಳ ನಂತರ ಹಣ ಕೊಡುತ್ತಾರೆ.

ಲಾಭ ಪ್ರತಿ ತಿಂಗಳೂ ಏರುತ್ತಲೇ ಹೋಗುತ್ತದೆ: 20, 24, 28.8, 34.6, 41.5. ಐದು ತಿಂಗಳಿಗೆ ಸುಮಾರು 149. ಕೈಯಲ್ಲಿನ ಹಣ ನೋಡಿ. ಮೊದಲ ತಿಂಗಳ ಕೊನೆಗೆ −80. ಎರಡನೆಯದರ ಕೊನೆಗೆ −176. ಮೂರನೇ ತಿಂಗಳು ಮೊದಲ 100 ಬರುತ್ತದೆ, ಆದರೂ ಖರ್ಚು 115, ಬಾಕಿ −191. ನಾಲ್ಕಕ್ಕೆ −209, ಐದಕ್ಕೆ −231. ಪುಸ್ತಕದಲ್ಲಿ 149 ಲಾಭ, ಪೆಟ್ಟಿಗೆಯಲ್ಲಿ 231 ಕೊರತೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ವ್ಯತ್ಯಾಸ ಎಲ್ಲಿ ಹೋಯಿತು? ನಾಲ್ಕು ಮತ್ತು ಐದನೇ ತಿಂಗಳ ಮಾರಾಟ ಸೇರಿ 380 ಗಿರಾಕಿಗಳ ಬಳಿ ಇದೆ. 380ರಲ್ಲಿ 231 ಕಳೆದರೆ 149. ಲೆಕ್ಕ ಕಾಸಿಗೆ ಕಾಸು ಕೂಡಿತು. ಅಮೋನಿಯಾ ಘಟಕದಲ್ಲಿ ಆರ್ಗಾನ್ ಕೂಡಿಬಿದ್ದಂತೆ ಇಲ್ಲಿ ಉದ್ರಿ ಕೂಡಿಬಿದ್ದಿದೆ. ಚೆನ್ನಾಗಿ ನಡೆಯುತ್ತಿರುವ, ವೇಗವಾಗಿ ಬೆಳೆಯುತ್ತಿರುವ ಉದ್ದಿಮೆಯೇ ಸಂಬಳ ಕೊಡಲಾಗದೆ ನಿಲ್ಲುವುದು ಹೀಗೆ. ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣ) ಎಂಬ ಅಧ್ಯಾಯವನ್ನು ನೀರಸ ಎಂದು ಹಾರಿಸುವವರು ಓದಲೇಬೇಕಾದ್ದು ಇದೊಂದೇ ಉದಾಹರಣೆ. ಮೆಟೀರಿಯಲ್ ಬ್ಯಾಲೆನ್ಸ್ ಬಲ್ಲವರು ಇದನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ. ಕೆಮಿಕಲ್ ಎಂಜಿನಿಯರುಗಳು ಮ್ಯಾನೇಜ್‌ಮೆಂಟಿಗೆ ಬಂದಾಗ ಅಕೌಂಟಿಂಗ್‌ಗೆ ಹೆದರಬೇಕಿಲ್ಲ ಎನ್ನುವುದಕ್ಕೆ ಕಾರಣವೂ ಇದೇ. ಅವರು ಬೆವರುವುದು ಬೇರೆ ಕಡೆ: ಜನರ ವರ್ತನೆ, ಮಾರುಕಟ್ಟೆ, ಸಂಘಟನೆಯಂಥ ವಿಷಯಗಳಲ್ಲಿ. ಅಲ್ಲಿ ಚುಕ್ಕಿಗೆರೆ ಎಲ್ಲಿ ಎಳೆಯಬೇಕು ಎಂಬುದೇ ವಿವಾದ.

ಇನ್ನೊಂದು ಹೋಲಿಕೆ ಇನ್ನೂ ನೇರ. 6 ಘನ ಮೀಟರ್ ಟ್ಯಾಂಕಿಗೆ ಗಂಟೆಗೆ 2 ಘನ ಮೀಟರ್ ಹರಿದುಬಂದರೆ ದ್ರವ ಸರಾಸರಿ 3 ಗಂಟೆ ಒಳಗಿರುತ್ತದೆ. ಇದು ರೆಸಿಡೆನ್ಸ್ ಟೈಮ್. ಗೋದಾಮಿನಲ್ಲಿ 600 ಪೆಟ್ಟಿಗೆಗಳಿದ್ದು ದಿನಕ್ಕೆ 200 ಹೊರಹೋದರೆ ಒಂದು ಪೆಟ್ಟಿಗೆ ಸರಾಸರಿ 3 ದಿನ ಅಲ್ಲಿರುತ್ತದೆ. ಇದನ್ನು ಆಪರೇಷನ್ಸ್ ಪಾಠದಲ್ಲಿ ಲಿಟಲ್ ನಿಯಮ ಎನ್ನುತ್ತಾರೆ. 1961ರಲ್ಲಿ ಜಾನ್ ಲಿಟಲ್ ಇದನ್ನು ಸಾಧಿಸಿ ತೋರಿಸಿದರು. (ಯುನಿಟ್ ಆಪರೇಷನ್ನಿನ ಲಿಟಲ್ ಬೇರೆ, ಇವರು ಬೇರೆ, ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬರಾಗಿಸುವವರು ಇದ್ದಾರೆ.) ‘ಸರಾಸರಿ’ ಎಂಬ ಪದದಲ್ಲೇ ಮೋಸವಿದೆ. ಚೆನ್ನಾಗಿ ಕಲಕುವ ಟ್ಯಾಂಕಿನಲ್ಲಿ ಕೆಲವು ಹನಿಗಳು ಒಳಬಂದ ಕ್ಷಣವೇ ಹೊರಬೀಳುತ್ತವೆ, ಕೆಲವು ದಿನವಿಡೀ ಸುತ್ತುತ್ತವೆ. ಗೋದಾಮಿನ ಮೂಲೆಯಲ್ಲಿ ಎರಡು ವರ್ಷದಿಂದ ಕೂತ ಪೆಟ್ಟಿಗೆಯ ಕಥೆಯೂ ಅದೇ.

ಒಂದು ಲೀಟರಿನಿಂದ ಒಂಬತ್ತು ಸಾವಿರಕ್ಕೆ

ಕೆಮಿಸ್ಟ್ರಿಗೂ ಕೆಮಿಕಲ್ ಎಂಜಿನಿಯರಿಂಗ್‌ಗೂ ಇರುವ ಅಂತರ ತಿಳಿಯಬೇಕಾದರೆ ಸ್ಕೇಲ್‌ಅಪ್, ಅಂದರೆ ಚಿಕ್ಕ ಪಾತ್ರೆಯ ಪ್ರಯೋಗವನ್ನು ಕಾರ್ಖಾನೆಯ ಅಳತೆಗೆ ಹಿಗ್ಗಿಸುವುದನ್ನು ನೋಡಬೇಕು. ಪಾತ್ರೆಯ ಅಗಲ, ಎತ್ತರ ಎಲ್ಲ 10 ಪಟ್ಟು ಮಾಡಿದರೆ ಒಳಗಿನ ದ್ರವ 1,000 ಪಟ್ಟು, ಗೋಡೆಯ ವಿಸ್ತೀರ್ಣ 100 ಪಟ್ಟು ಮಾತ್ರ. ಶಾಖ ಹುಟ್ಟುವುದು ದ್ರವದಲ್ಲಿ, ಹೊರಹೋಗುವುದು ಗೋಡೆಯಿಂದ. ಅಂದರೆ ಪ್ರತಿ ಲೀಟರಿಗೆ ಸಿಗುವ ತಂಪು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಬೀಕರಿನಲ್ಲಿ ಬೆಚ್ಚಗಾಗಿ ಸುಮ್ಮನಾಗುವ ಕ್ರಿಯೆ ದೊಡ್ಡ ರಿಯಾಕ್ಟರಿನಲ್ಲಿ ಶಾಖ ಕಳೆಯಲಾಗದೆ ಏರುತ್ತದೆ. ಉಷ್ಣತೆ ಏರಿದಷ್ಟೂ ಕ್ರಿಯೆ ವೇಗವಾಗುತ್ತದೆ, ವೇಗವಾದಷ್ಟೂ ಉಷ್ಣತೆ ಏರುತ್ತದೆ. ತಂಪು ಮಾಡುವ ವೇಗ ಉಷ್ಣತೆಯೊಂದಿಗೆ ಸರಳರೇಖೆಯಲ್ಲಿ ಏರಿದರೆ, ಶಾಖ ಹುಟ್ಟುವ ವೇಗ ಅದನ್ನು ಹಿಂದೆ ಹಾಕುವ ವಕ್ರರೇಖೆಯಲ್ಲಿ ಏರುತ್ತದೆ. ಎರಡೂ ರೇಖೆಗಳನ್ನು ಒಂದೇ ಹಾಳೆಯಲ್ಲಿ ಎಳೆದು, ಯಾವ ಬಿಂದುವಿನ ನಂತರ ಕೈಮೀರುತ್ತದೆ ಎಂದು ಗುರುತಿಸುವುದು ರಿಯಾಕ್ಷನ್ ಎಂಜಿನಿಯರಿಂಗ್‌ನ ಬಹುಮುಖ್ಯ ಪಾಠ.

ಈ ಪಾಠಕ್ಕೆ ಒಂದು ಕಹಿ ಹಿನ್ನೆಲೆ ಇದೆ. 2007ರ ಡಿಸೆಂಬರ್ 19ರಂದು ಅಮೆರಿಕದ ಜ್ಯಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಘಟಕದ ರಿಯಾಕ್ಟರ್ ಸಿಡಿದು 4 ಜನ ಸತ್ತರು. ಪೆಟ್ರೋಲಿಗೆ ಬೆರೆಸುವ ರಾಸಾಯನಿಕ ಅಲ್ಲಿ ತಯಾರಾಗುತ್ತಿತ್ತು. ಪ್ರಯೋಗ ನಡೆದದ್ದು 1 ಲೀಟರ್ ಪಾತ್ರೆಯಲ್ಲಿ; ಅಲ್ಲಿಂದ ನೇರ 2,450 ಗ್ಯಾಲನ್, ಅಂದರೆ ಸುಮಾರು 9,300 ಲೀಟರ್ ರಿಯಾಕ್ಟರಿಗೆ ಹೋದರು. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ ಅಳತೆ ಸುಮಾರು 21 ಪಟ್ಟು, ಪ್ರತಿ ಲೀಟರಿನ ತಂಪು 21ರಲ್ಲೊಂದು ಭಾಗ. ತಣ್ಣೀರಿನ ವ್ಯವಸ್ಥೆಗೆ ಬದಲಿ ಇರಲಿಲ್ಲ. ಹೆಚ್ಚಿನ ಉಷ್ಣತೆಯಲ್ಲಿ ಸೋಡಿಯಂ ಮತ್ತು ದ್ರಾವಕದ ನಡುವೆ ಎರಡನೆಯ, ಇನ್ನೂ ಉಗ್ರವಾದ ಕ್ರಿಯೆ ಶುರುವಾಗುತ್ತದೆ ಎಂಬುದನ್ನೂ ಗುರುತಿಸಿರಲಿಲ್ಲ. ಮೊದಲ ಬ್ಯಾಚಿನಲ್ಲೇ ಸಿಡಿಯಲಿಲ್ಲ; ಸಿಡಿದದ್ದು 175ನೆಯದು. ಇಷ್ಟು ಸಲ ಏನೂ ಆಗಲಿಲ್ಲ ಎಂಬುದು ಸುರಕ್ಷತೆಗೆ ಪುರಾವೆ ಅಲ್ಲ ಎಂದು ತರಗತಿಯಲ್ಲಿ ಹೇಳುವಾಗ ಈ ಸಂಖ್ಯೆ ಸಾಕು. ಇದರ ನಂತರ ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಬೆಟ್ ಸಂಸ್ಥೆ ಕೆಮಿಕಲ್ ಎಂಜಿನಿಯರಿಂಗ್ ಸಿಲಬಸ್ಸಿನ ನಿಯಮದಲ್ಲಿ ಪ್ರಕ್ರಿಯೆಗಳ ಅಪಾಯದ ಪಾಠವನ್ನೂ ಸೇರಿಸಿತು. ನೀವು ನೋಡುತ್ತಿರುವ ಕೋರ್ಸಿನಲ್ಲಿ ಪ್ರೋಸೆಸ್ ಸೇಫ್ಟಿ ಕಡ್ಡಾಯವೋ ಐಚ್ಛಿಕವೋ ಎಂದು ಕೇಳುವುದು ಸುಮ್ಮನಲ್ಲ.

ಉಳಿದ ಪೇಪರುಗಳನ್ನು ಚುಟುಕಾಗಿ ಹೇಳಿಬಿಡಬಹುದು. ಫ್ಲೂಯಿಡ್ ಮೆಕ್ಯಾನಿಕ್ಸ್ ಪಂಪು ಎಲ್ಲಿಡಬೇಕು ಎಂದು ಕಲಿಸುತ್ತದೆ. ತಣ್ಣನೆಯ ನೀರನ್ನೂ ಕೆಳಗಿನಿಂದ ಸುಮಾರು 10 ಮೀಟರಿಗಿಂತ ಮೇಲೆ ಹೀರಲಾಗದು. ಬಿಸಿ ದ್ರವವಾದರೆ ಪಂಪಿನ ಬಾಯಲ್ಲೇ ಕುದ್ದು ಗುಳ್ಳೆ ಒಡೆದು ರೆಕ್ಕೆಗಳನ್ನು ಕೊರೆಯುತ್ತದೆ. ಮಾಸ್ ಟ್ರಾನ್ಸ್‌ಫರ್‌ನಲ್ಲಿ ಭಟ್ಟಿ ಇಳಿಸುವ ಕಾಲಂ, ಅಂದರೆ ಒಳಗೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಎತ್ತರದ ಗೋಪುರ: ಎಷ್ಟು ತಟ್ಟೆ ಬೇಕು ಎಂಬುದನ್ನು ಮಕೇಬ್ ಮತ್ತು ಥೀಲೆ 1925ರಲ್ಲಿ ಕೊಟ್ಟ ಚಿತ್ರದಲ್ಲಿ ಮೆಟ್ಟಿಲು ಎಳೆದು ಎಣಿಸುತ್ತಾರೆ. ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಮೆಟ್ಟಿಲು ತೂಕದಲ್ಲಿ 95.6% ಎಥನಾಲ್ ಹತ್ತಿರ ನಿಂತುಬಿಡುತ್ತದೆ, ಎಷ್ಟು ತಟ್ಟೆ ಹಾಕಿದರೂ ಅಷ್ಟೇ. ಉಷ್ಣತೆ, ಒತ್ತಡಗಳನ್ನು ಹದದಲ್ಲಿಡಲು ಕಲಿಸುವ ಪ್ರೋಸೆಸ್ ಕಂಟ್ರೋಲಿಗೆ ಲ್ಯಾಪ್ಲಾಸ್ ಗಣಿತ ಬೇಕು. ಗಣಿತದಲ್ಲಿ ಹಿಂದುಳಿದವರು ಇಲ್ಲಿ ಒದ್ದಾಡುತ್ತಾರೆ.

ಇವಾಪರೇಟರಿಗೆ ಹಣ ಹಾಕಬೇಕೆ?

ಬಿಟ್ಟುಬಂದ ಲೆಕ್ಕಕ್ಕೆ ಹಿಂದಿರುಗೋಣ. ಗಂಟೆಗೆ 540 ಕೆಜಿ ಹಬೆ ಉಳಿತಾಯ. ವರ್ಷಕ್ಕೆ 8,000 ಗಂಟೆ ಓಡಿದರೆ 4,320 ಟನ್. ಒಂದು ಟನ್ ಹಬೆಯ ಖರ್ಚು 20 ಎಂದಿಟ್ಟುಕೊಂಡರೆ (ಯಾವ ದೇಶದ ಹಣವಾದರೂ ಸರಿ) ವರ್ಷದ ಉಳಿತಾಯ 86,400. ಹೆಚ್ಚುವರಿ ಯಂತ್ರಗಳಿಗೆ 3,00,000. ಹಾಕಿದ ಹಣ ಸುಮಾರು ಮೂರೂವರೆ ವರ್ಷಕ್ಕೆ ಹಿಂದಿರುಗುತ್ತದೆ. ಎಂಜಿನಿಯರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ.

ಫೈನಾನ್ಸ್ ಪಾಠ ಇಲ್ಲಿಂದ ಮುಂದಕ್ಕೆ. 12% ಬಡ್ಡಿ ಹುಟ್ಟುವ ಕಡೆ ಇಂದಿನ 100 ಮುಂದಿನ ವರ್ಷ 112. ಹಾಗಾದರೆ ಮುಂದಿನ ವರ್ಷ ಬರುವ 100ರ ಇಂದಿನ ಬೆಲೆ 89.3. ಹೀಗೆ 10 ವರ್ಷದ ಉಳಿತಾಯವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ ಕೂಡಿದರೆ 86,400ಕ್ಕೆ 5.65 ಪಟ್ಟು, ಅಂದರೆ 4,88,160. ಅದರಲ್ಲಿ 3,00,000 ಕಳೆದರೆ 1,88,160 ನಿವ್ವಳ. ಇದೇ ನೆಟ್ ಪ್ರೆಸೆಂಟ್ ವ್ಯಾಲ್ಯೂ. ಯಾವ ಬಡ್ಡಿಯಲ್ಲಿ ಇದು ಸೊನ್ನೆಯಾಗುತ್ತದೆ ಎಂದು ಹುಡುಕಿದರೆ ಸುಮಾರು 26%. ಅದಕ್ಕೆ ಇಂಟರ್ನಲ್ ರೇಟ್ ಆಫ್ ರಿಟರ್ನ್ ಎಂದು ಹೆಸರು.

ಈಗ ಒಂದೇ ಸಂಖ್ಯೆ ಬದಲಿಸಿ. ಘಟಕ 8,000 ಗಂಟೆಯ ಬದಲು 5,000 ಗಂಟೆ ಓಡಿತು. ಉಳಿತಾಯ 54,000ಕ್ಕೆ ಇಳಿದು ನಿವ್ವಳ ಬರೀ 5,100. ಟ್ಯೂಬಿನಲ್ಲಿ ಕಿಟ್ಟ ಕಟ್ಟಿ ಹಬೆ ಸ್ವಲ್ಪ ಹೆಚ್ಚು ಬೇಕಾದರೆ ಅದೂ ಇಲ್ಲ. ಲೆಕ್ಕದ ಜೀವ ಇರುವುದು ಬಡ್ಡಿದರದಲ್ಲಲ್ಲ, ‘ವರ್ಷಕ್ಕೆ ಎಷ್ಟು ಗಂಟೆ’ ಎಂಬ ಊಹೆಯಲ್ಲಿ. ಅದನ್ನು ಹೇಳಬಲ್ಲವರು ಮಾರುಕಟ್ಟೆ ಬಲ್ಲವರು ಮತ್ತು ರಿಪೇರಿ ಮಾಡುವವರು. ಫೈನಾನ್ಸ್ ವಿಭಾಗದವರ ಕೈಯಲ್ಲಿ ಆ ಅಂಕಿ ಇರುವುದಿಲ್ಲ.

ದೊಡ್ಡ ಘಟಕ ಕಟ್ಟುವುದು ಯಾಕೆ ಅಗ್ಗ ಎನ್ನುವುದಕ್ಕೂ ಇಂಥದೇ ಒಂದು ಹೆಬ್ಬೆರಳ ಲೆಕ್ಕವಿದೆ: ಸಾಮರ್ಥ್ಯ ಎರಡು ಪಟ್ಟಾದರೆ ವೆಚ್ಚ 2ರ 0.6ನೇ ಘಾತದಷ್ಟು, ಅಂದರೆ ಸುಮಾರು 1.52 ಪಟ್ಟು ಮಾತ್ರ. ಪಾತ್ರೆಯ ವೆಚ್ಚ ಗೋಡೆಯ ತಗಡಿನದು, ಸಾಮರ್ಥ್ಯ ಒಳಗಿನ ಜಾಗದ್ದು. ಮತ್ತೆ ಅದೇ ವಿಸ್ತೀರ್ಣ ಮತ್ತು ಘನ ಅಳತೆಯ ಕಥೆ. ರಿಯಾಕ್ಟರಿನಲ್ಲಿ ಕೈಕೊಟ್ಟ ರೇಖಾಗಣಿತ ಇಲ್ಲಿ ಕೈಹಿಡಿಯುತ್ತದೆ. ಆದರೆ 100 ಟನ್ನಿನ ಘಟಕಕ್ಕೆ 100 ಖರ್ಚಾದರೆ 200 ಟನ್ನಿನದಕ್ಕೆ 152. ಬೇಡಿಕೆ 110 ಟನ್ನಿಗೇ ನಿಂತರೆ ಟನ್ನಿಗೆ 1.38 ಬಂಡವಾಳ ಹಾಕಿದಂತಾಯಿತು. ಚಿಕ್ಕದು ಟನ್ನಿಗೆ 1ರಲ್ಲಿ ಮುಗಿಯುತ್ತಿತ್ತು.

ಎಂಬಿಎ ತರಗತಿಯಲ್ಲಿ ಕಲಿಸುವ ಡ್ಯುಪಾಂಟ್ ಸೂತ್ರ ಹುಟ್ಟಿದ್ದೇ ಅದೇ ಹೆಸರಿನ ಕೆಮಿಕಲ್ ಕಂಪನಿಯಲ್ಲಿ, 1910ರ ದಶಕದಲ್ಲಿ. ರೂಪಿಸಿದ ಡೊನಾಲ್ಡ್ಸನ್ ಬ್ರೌನ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬಂಡವಾಳದ ಮೇಲಿನ ಗಳಿಕೆ = ಮಾರಾಟದಲ್ಲಿ ಲಾಭದ ಪಾಲು × ಬಂಡವಾಳ ವರ್ಷಕ್ಕೆ ತಿರುಗುವ ಸಲ (ವರ್ಷದ ಮಾರಾಟ ÷ ಬಂಡವಾಳ). 5% ಲಾಭಕ್ಕೆ 4 ಸಲ ತಿರುಗಿಸುವ ವ್ಯಾಪಾರವೂ 20%, 20% ಲಾಭಕ್ಕೆ ಒಂದೇ ಸಲ ತಿರುಗುವ ಕಾರ್ಖಾನೆಯೂ 20%. ಕಡಿಮೆ ಲಾಭಾಂಶ ಎಂದು ಮೂಗು ಮುರಿಯುವ ಮುನ್ನ ಎರಡನೇ ಸಂಖ್ಯೆ ನೋಡಬೇಕು.

ಎರಡೂ ವಿಷಯ ಗೊತ್ತಿದ್ದವರಿಗೆ ಮಾತ್ರ ಪೂರ್ತಿ ಬಿಡಿಸುವ ಒಗಟೊಂದಿದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡ ಒಟ್ಟಿಗೆ ಹುಟ್ಟುತ್ತವೆ: 1 ಟನ್ ಕ್ಲೋರಿನ್‌ಗೆ ಸುಮಾರು 1.13 ಟನ್ ಕಾಸ್ಟಿಕ್, ಪರಮಾಣು ತೂಕ ನಿಗದಿ ಮಾಡಿದ ಪ್ರಮಾಣ. ಹಾಗಾದರೆ ಕ್ಲೋರಿನ್‌ನ ಉತ್ಪಾದನಾ ವೆಚ್ಚ ಎಷ್ಟು? ತೂಕದ ಮೇಲೆ ಹಂಚಿದರೆ ಒಂದು ಉತ್ತರ, ಮಾರಾಟ ಬೆಲೆಯ ಮೇಲೆ ಹಂಚಿದರೆ ಇನ್ನೊಂದು. ತೂಕದ ಹಂಚಿಕೆಯಲ್ಲಿ ಕ್ಲೋರಿನ್ ನಷ್ಟ ಎಂದು ಕಂಡಿತೆಂದು ಅದನ್ನು ನಿಲ್ಲಿಸೋಣ ಎನ್ನುವ ಮ್ಯಾನೇಜರಿಗೆ ಕಾಸ್ಟಿಕ್ ಕೂಡ ನಿಲ್ಲುತ್ತದೆ ಎಂದು ಹೇಳಬೇಕಾದವರು ಎಂಜಿನಿಯರು. ಕ್ಲೋರಿನ್ ಕೊಳ್ಳುವವರಿಲ್ಲದಿದ್ದರೆ ಅದನ್ನು ಸುಮ್ಮನೆ ಹೊರಬಿಡಲೂ ಆಗದು, ವಿಷಾನಿಲ. ಬಹುಕಾಲ ಶೇಖರಿಸಲೂ ಆಗದು. ಹೀಗಾಗಿ ಕಾಸ್ಟಿಕ್ ಎಷ್ಟು ತಯಾರಾಗಬೇಕು ಎಂಬುದನ್ನು ಹಲವು ಸಲ ಕ್ಲೋರಿನ್ ಗಿರಾಕಿ ತೀರ್ಮಾನಿಸುತ್ತಾನೆ.

ನೆಲದ ಮೇಲಿನ ಸೀಮೆಸುಣ್ಣದ ಚಿತ್ರ

1974ರ ಜೂನ್ 1, ಶನಿವಾರ. ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಎಂಬಲ್ಲಿ ಸೈಕ್ಲೋಹೆಕ್ಸೇನ್ ಬಳಸುವ ಘಟಕ ಸಿಡಿದು 28 ಜನ ಸತ್ತರು. ಸಾಲಾಗಿ ನಿಂತ 6 ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ತೆಗೆದು, ನಾಲ್ಕು ಮತ್ತು ಆರರ ನಡುವೆ ತಾತ್ಕಾಲಿಕ ಪೈಪು ಹಾಕಿ ಉತ್ಪಾದನೆ ಮುಂದುವರಿಸಿದರು. ರಿಯಾಕ್ಟರಿನ ಬಾಯಿ 28 ಇಂಚು. ಸಿಕ್ಕ ಪೈಪು 20 ಇಂಚು. ರಿಯಾಕ್ಟರುಗಳು ಮೆಟ್ಟಿಲಂತೆ ಎತ್ತರ ತಗ್ಗಿನಲ್ಲಿದ್ದ ಕಾರಣ ಪೈಪಿಗೆ ಮಡಿಕೆ ಕೊಡಬೇಕಾಯಿತು. ಎರಡೂ ತುದಿಗೆ ಬೆಲ್ಲೋಸ್, ಅಂದರೆ ಹಿಗ್ಗಿ ಕುಗ್ಗಬಲ್ಲ ಸುಕ್ಕುಸುಕ್ಕಾದ ಕೊಳವೆ. ನಕ್ಷೆ ಬರೆದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಒತ್ತಡ ಆ ಮಡಿಕೆಯನ್ನು ಹೇಗೆ ತಿರುಚುತ್ತದೆ ಎಂಬ ಲೆಕ್ಕವನ್ನು ಯಾರೂ ಮಾಡಲಿಲ್ಲ. ಯಾಕೆಂದರೆ ಆ ಲೆಕ್ಕ ಮಾಡಬೇಕಾಗಿದ್ದ ವರ್ಕ್ಸ್ ಎಂಜಿನಿಯರ್ ಕೆಲಸ ಬಿಟ್ಟಿದ್ದರು, ಹುದ್ದೆ ಖಾಲಿ ಇತ್ತು.

ಇದು ಎಂಜಿನಿಯರಿಂಗ್ ತಪ್ಪೇ, ಮ್ಯಾನೇಜ್‌ಮೆಂಟ್ ತಪ್ಪೇ? ಪೈಪಿನ ಲೆಕ್ಕ ಕಾಲೇಜು ಮಟ್ಟದ್ದು. ಯಾರು ಒಪ್ಪಿಗೆ ಕೊಡಬೇಕು, ಆ ಹುದ್ದೆ ಖಾಲಿ ಇದ್ದಾಗ ಕೆಲಸ ನಿಲ್ಲಿಸುವ ಅಧಿಕಾರ ಯಾರದ್ದು ಎಂಬುದು ಸಂಘಟನೆಯ ಪ್ರಶ್ನೆ. ಈಗ ಕಾರ್ಖಾನೆಗಳಲ್ಲಿರುವ ‘ಮ್ಯಾನೇಜ್‌ಮೆಂಟ್ ಆಫ್ ಚೇಂಜ್’ ಎಂಬ ಪದ್ಧತಿಯನ್ನು ಕಲಿಸುವಾಗ ಮೊದಲು ಬರುವ ಉದಾಹರಣೆ ಇದೇ. ಒಂದು ವಾಲ್ವಿನ ಅಳತೆ ಬದಲಿಸಿದರೂ ಬರಹದಲ್ಲಿ ಕಾರಣ, ಲೆಕ್ಕ, ಸಹಿ, ಹೊಸ ನಕ್ಷೆ, ಕೆಲಸಗಾರರಿಗೆ ತಿಳುವಳಿಕೆ, ತಾತ್ಕಾಲಿಕವಾದರೆ ಮುಗಿಯುವ ದಿನಾಂಕ. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಈ ಹಾಳೆಗಳು ಕಿರಿಕಿರಿ ಎನಿಸುತ್ತವೆ. ಆ 20 ಇಂಚಿನ ಪೈಪಿನ ಚಿತ್ರ ತೋರಿಸಿದ ಮೇಲೆ ಯಾರೂ ಹಾಗನ್ನುವುದಿಲ್ಲ.

ಯಾವುದು ಮೊದಲು?

ಎರಡನ್ನೂ ಓದುವ ಯೋಚನೆ ಇದ್ದರೆ ಕೆಮಿಕಲ್ ಎಂಜಿನಿಯರಿಂಗ್ ಮೊದಲು. ಅದರ ಪೇಪರುಗಳು ಸರಪಳಿ: ಕ್ಯಾಲ್ಕುಲಸ್ ಇಲ್ಲದೆ ಥರ್ಮೋ ಇಲ್ಲ, ಥರ್ಮೋ ಇಲ್ಲದೆ ಮಾಸ್ ಟ್ರಾನ್ಸ್‌ಫರ್ ಇಲ್ಲ, ಅದಿಲ್ಲದೆ ಡಿಸೈನ್ ಪ್ರಾಜೆಕ್ಟ್ ಇಲ್ಲ. ಮಧ್ಯೆ ಒಂದು ಕೊಂಡಿ ಕಳಚಿದರೆ ವರ್ಷವೇ ಹಿಂದೆ ಬೀಳುತ್ತದೆ. ಮ್ಯಾನೇಜ್‌ಮೆಂಟ್ ಪೇಪರುಗಳು ಬಹುತೇಕ ಅಕ್ಕಪಕ್ಕ ನಿಲ್ಲುತ್ತವೆ, ಆಮೇಲೆ ಸೇರಿಸಿಕೊಳ್ಳಬಹುದು. ಎಂಬಿಎಗೆ ಮುಂಚೆ ಎರಡು ಮೂರು ವರ್ಷ ಘಟಕದಲ್ಲಿ ದುಡಿದವರಿಗೆ ಕೇಸ್ ಚರ್ಚೆಯಲ್ಲಿ (ಕಂಪನಿಗಳ ಉದಾಹರಣೆ ಇಟ್ಟುಕೊಂಡು ನಡೆಯುವ ಚರ್ಚೆ) ಹೇಳಲು ಏನಾದರೂ ಇರುತ್ತದೆ. ನೇರ ಬಂದವರು ಸಹಪಾಠಿಗಳ ಅನುಭವದ ಮೇಲೆ ನಡೆಯುತ್ತಾರೆ.

ಕಾಲೇಜು ಆರಿಸುವಾಗ ಕಟ್ಟಡಕ್ಕಿಂತ ಮೊದಲು ಕೊನೆಯ ವರ್ಷದ ಡಿಸೈನ್ ಪ್ರಾಜೆಕ್ಟ್ ವರದಿಯೊಂದನ್ನು ನೋಡಲು ಕೇಳಿ. ಅದರಲ್ಲಿ ಮೆಟೀರಿಯಲ್ ಬ್ಯಾಲೆನ್ಸ್ ಪಟ್ಟಿ, ಉಪಕರಣದ ಅಳತೆ, ಅಪಾಯದ ವಿಶ್ಲೇಷಣೆ, ವೆಚ್ಚದ ಲೆಕ್ಕ ನಾಲ್ಕೂ ಇವೆಯೇ, ಸಾಫ್ಟ್‌ವೇರ್ ಕೊಟ್ಟ ಉತ್ತರದ ಪಕ್ಕ ಕೈಲೆಕ್ಕವೂ ಇದೆಯೇ ನೋಡಿ. ಪಟ್ಟಿಯ ಒಂದು ಕಾಲಂ ತೆಗೆದುಕೊಂಡು ಒಳಬಂದ ಕೆಜಿಗಳನ್ನೂ ಹೊರಹೋದ ಕೆಜಿಗಳನ್ನೂ ಅಲ್ಲೇ ಕೂಡಿಸಿ. ತಾಳೆಯಾಗದಿದ್ದರೆ ಆ ವರದಿಗೆ ಅಂಕ ಕೊಟ್ಟವರು ಕೂಡಿಸಿ ನೋಡಿಲ್ಲ ಎಂದರ್ಥ.